ಬ್ಯಾಡ್ ಬ್ರೇನ್ಸ್: ಬರೀ ಗಲಾಟೆನಾ, ಇಲ್ಲ ಹಿಂದೆ ಅಭ್ಯಾಸ ಇದೆಯಾ?

ಮೂರನೇಕಾಲ
ಮೊನ್ನೆ ಇನ್ನೊಂದು ಥ್ರೆಡ್ಡಲ್ಲಿ ಒಬ್ರು "ಹಾರ್ಡ್‌ಕೋರ್ ಪಂಕ್ ಅಂದ್ರೆ ಬಾರಿಸೋಕೆ ಬರದೇ ಇರೋರು ಸಿಟ್ಟಲ್ಲಿ ಬಾರಿಸೋದು" ಅಂದ್ರು. (ಹಾರ್ಡ್‌ಕೋರ್ ಅಂದ್ರೆ ಪಂಕ್ ರಾಕಿನ ಇನ್ನೂ ಜೋರು, ಇನ್ನೂ ಸ್ಪೀಡು ಇರೋ ರೂಪ.) ಅಲ್ಲೇ ಉತ್ತರ ಕೊಡೋಣ ಅಂತಿದ್ದೆ, ಉದ್ದ ಆಗುತ್ತೆ ಅಂತ ಇಲ್ಲಿ ಬೇರೆ ಶುರು ಮಾಡ್ತಿದೀನಿ. ನಾನು ಹನ್ನೆರಡು ವರ್ಷ ಮೃದಂಗ ಕಲಿತೋನು, ಈಗ ಐಟಿ ಕೆಲಸ, ಕೈ ಪೂರ್ತಿ ತುಕ್ಕು ಹಿಡಿದಿದೆ, ಆದ್ರೆ ಕಿವಿ ಇನ್ನೂ ಇದೆ. ಹೋದ ವರ್ಷ ಒಬ್ಬ ಕಲೀಗ್ ಕಾರಲ್ಲಿ ಬ್ಯಾಡ್ ಬ್ರೇನ್ಸ್ ಅಂತ ಅಮೆರಿಕದ ಹಾರ್ಡ್‌ಕೋರ್ ಬ್ಯಾಂಡ್ ಹಾಕ್ದ. ಮೊದಲ ಹತ್ತು ಸೆಕೆಂಡು ನಾನೂ ಇದೇನಪ್ಪ ಮಿಕ್ಸಿಗೆ ಕಲ್ಲು ಹಾಕ್ದಂಗಿದೆ ಅಂದ್ಕೊಂಡೆ. ಆಮೇಲೆ ಗಮನಿಸಿದ್ರೆ ಆ ಸ್ಪೀಡಲ್ಲೂ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸ್ತಿದೆ. ನಮ್ಮ ಮೇಷ್ಟ್ರು ಹೇಳೋರು, ಮೂರನೇ ಕಾಲದಲ್ಲಿ (ಅಂದ್ರೆ ತುಂಬಾ ವೇಗದ ಲಯದಲ್ಲಿ) ಯಾರ್ ಬೇಕಾದ್ರೂ ಓಡಬಹುದು ಕಣಯ್ಯ, ಒಂದೊಂದು ಅಕ್ಷರ ಕೇಳಿಸಬೇಕು, ಅದು ಕಷ್ಟ ಅಂತ. ಅದೇ ಇಲ್ಲಿ ಸಿಕ್ತು.

ಹಂಗಾಗಿ ಹುಡುಕಿ ಓದಿದೆ. ಇವ್ರು ಪಂಕ್ ಬ್ಯಾಂಡ್ ಆಗಿ ಶುರು ಆದವರೇ ಅಲ್ಲ! 1976ರ ಸುಮಾರಿಗೆ ವಾಷಿಂಗ್ಟನ್ ಡಿಸಿ ಕಡೆ ಮೈಂಡ್ ಪವರ್ ಅಂತ ಒಂದು ಜಾಝ್ ಫ್ಯೂಷನ್ (ಜಾಝಿಗೆ ರಾಕ್ ಬೆರೆಸಿದ ಸಂಗೀತ) ಗುಂಪು. ಗಿಟಾರ್ ಗ್ಯಾರಿ ಮಿಲ್ಲರ್, ಇವರನ್ನೇ ಡಾಕ್ಟರ್ ನೋ ಅನ್ನೋದು. ಬೇಸ್ ಗಿಟಾರ್ ಡ್ಯಾರಿಲ್ ಜೆನಿಫರ್. ಆಮೇಲೆ ಅಣ್ಣ ತಮ್ಮ ಇಬ್ರು, ಗಾಯಕ ಪಾಲ್ ಹಡ್ಸನ್ ಅಂದ್ರೆ ಎಚ್.ಆರ್., ತಮ್ಮ ಅರ್ಲ್ ಹಡ್ಸನ್ ಡ್ರಮ್ಸ್. ಕೇಳ್ತಿದ್ದದ್ದು ರಿಟರ್ನ್ ಟು ಫಾರೆವರ್, ಮಹಾವಿಷ್ಣು ಆರ್ಕೆಸ್ಟ್ರಾ, ಸ್ಟೀವಿ ವಂಡರ್, ಈ ಥರ. ಆಗ ಸಿಡ್ ಮೆಕ್‌ಕ್ರೇ ಅಂತ ಫ್ರೆಂಡು, ಆರಂಭದಲ್ಲಿ ಇವರ ಜೊತೆ ಹಾಡ್ತಿದ್ದವನು, ಸೆಕ್ಸ್ ಪಿಸ್ಟಲ್ಸು ಡೆಡ್ ಬಾಯ್ಸು ರಮೋನ್ಸು ಈ ಪಂಕ್ ಬ್ಯಾಂಡೆಲ್ಲಾ ಕೇಳಿಸಿ ತಲೆ ಕೆಡಿಸ್ದ. ಬ್ಯಾಂಡಿನ ಹೆಸರೂ ರಮೋನ್ಸ್ ಅವರ ಒಂದು ಹಾಡಿಂದ ಬಂದಿದ್ದು. ಅಂದ್ರೆ ಮೊದಲು ಕಷ್ಟದ ಪಾಠ ಕಲಿತು ಆಮೇಲೆ ಸುಲಭದ ಹಾಡಿಗೆ ಇಳಿದವರು. ನನ್ನ ಪ್ರಕಾರ ಇವರ ಗುಟ್ಟು ಇರೋದು ಅಲ್ಲೇ. ನೀವೇನಂತೀರಿ?

ಗಾಂಧಿಬಜಾರ್_ಗಿರಾಕಿ
ಆ ಕಾಮೆಂಟ್ ಹಾಕಿದ್ದು ನಾನೇ ಸಾರ್. ಹೇಳಿದ್ದನ್ನ ವಾಪಸ್ ತಗೊಳ್ಳಲ್ಲ. ಜಾಝ್ ಕಲಿತವರು ಯಾಕೆ ಮೂರೇ ಕಾರ್ಡಲ್ಲಿ (ಗಿಟಾರಿನ ಸ್ವರಗುಚ್ಛ) ಕಿರುಚಬೇಕು? ಎಂಟಿಆರ್ ಅಡುಗೆಭಟ್ರು ಬಂದು ಮ್ಯಾಗಿ ಮಾಡ್ದಂಗೆ ಆಯ್ತು.

ಹುಬ್ಳಿ_ಹೈಗೇನ್
ಭಟ್ರು ಮ್ಯಾಗಿ ಮಾಡಿದ್ರ ಒಳ್ಳೆ ಮ್ಯಾಗಿನ ಆಗ್ತದಲ್ರೀಪಾ 😄

ಒಂದ್ ಮಾತು ಸೇರಸ್ತೀನಿ. ಎಚ್.ಆರ್. ಅವರ ಅಪ್ಪ ಏರ್ ಫೋರ್ಸ್‌ನ್ಯಾಗ ಇದ್ರು, ಹಂಗಾಗಿ ಈ ಮನುಷ್ಯಾ ಹುಟ್ಟಿದ್ದ ಇಂಗ್ಲೆಂಡಿನ ಲಿವರ್‌ಪೂಲ್‌ನ್ಯಾಗ. ಮುಂದ ಮಗಾ ದಾರಿ ತಪ್ಪಬಾರದು ಅಂತ ಅಪ್ಪ ಒಂದು ಪುಸ್ತಕ ಕೊಟ್ರಂತ. ಯಾವ ಪುಸ್ತಕ ಗೊತ್ತೇನ್ರೀ? ನೆಪೋಲಿಯನ್ ಹಿಲ್ ಅವರ ಥಿಂಕ್ ಅಂಡ್ ಗ್ರೋ ರಿಚ್! ಅವೆನ್ಯೂ ರೋಡ್ ಫುಟ್‌ಪಾತಿನ್ಯಾಗ, ನಮ್ಮ ಕಡೆ ಬಸ್‌ಸ್ಟ್ಯಾಂಡಿನ್ಯಾಗ, ಎಲ್ಲಾ ಕಡೆ ಸಿಗೋ ಅದ ಪುಸ್ತಕ. ನಮ್ಮ ಮಾವ ಎಲ್‌ಐಸಿ ಏಜೆಂಟ್ ಇದ್ದಾಗ ಅದನ್ನ ದಿನಾ ಓದ್ತಿದ್ರು. ಅದರಾಗಿಂದ ಪಾಸಿಟಿವ್ ಮೆಂಟಲ್ ಆಟಿಟ್ಯೂಡ್ ಅನ್ನೋದನ್ನ ಹಿಡಕೊಂಡು ಪಿಎಂಎ ಅಂತ ಹಾಡಿನ್ಯಾಗ ಹಾಕಿದ್ರು, ಆಟಿಟ್ಯೂಡ್ ಅಂತ ಹಾಡು, ಒಂದೂವರೆ ನಿಮಿಷಾನೂ ಇಲ್ಲ. ಲಂಡನ್ ಪಂಕಿನವ್ರು "ಭವಿಷ್ಯಾನ ಇಲ್ಲ" ಅಂತ ಕೂಗೂ ಹೊತ್ತಿನ್ಯಾಗ ಇವ್ರು "ಮನಸ್ಸು ಗಟ್ಟಿ ಇಟ್ಕೋ" ಅಂತ ಕೂಗಿದ್ರು. ಸೌಂಡ್ ಅದ ಸಿಟ್ಟಿಂದು, ಹೇಳೂ ಮಾತು ಮಾತ್ರ ಉಲ್ಟಾ.

ಮೇರಿಲ್ಯಾಂಡ್_ಮಂಡ್ಯ
ನಾನು ಡಿಸಿ ಪಕ್ಕದಲ್ಲೇ ಇರೋದು, ಹದಿನಾಲ್ಕು ವರ್ಷ ಆಯ್ತು. ಊರಿನ ಬಗ್ಗೆ ಒಂಚೂರು ಹೇಳ್ಬೇಕು ಇಲ್ಲಾಂದ್ರೆ ಕಥೆ ಅರ್ಧ ಆಯ್ತದೆ.

ಡಿಸಿ ಅಂದ ತಕ್ಷಣ ವೈಟ್ ಹೌಸು, ಬಿಳಿ ಕಟ್ಟಡಗಳು, ಟೈ ಕಟ್ಕೊಂಡೋರು ಕಣ್ಮುಂದೆ ಬತ್ತಾರೆ. ಆದ್ರೆ ಎಪ್ಪತ್ತರ ದಶಕದಲ್ಲಿ ಊರಲ್ಲಿ ಹತ್ತಕ್ಕೆ ಏಳು ಜನ ಕಪ್ಪು ಜನ, ಚಾಕೊಲೇಟ್ ಸಿಟಿ ಅಂತಾನೇ ಅಡ್ಡಹೆಸರು. ಊರಿನ ಸ್ವಂತ ಸಂಗೀತ ಗೋ-ಗೋ, ಚಕ್ ಬ್ರೌನ್ ಅವರದ್ದು, ಹಾಡು ನಿಲ್ಲೋದೇ ಇಲ್ಲ, ತಾಳವಾದ್ಯ ಇನ್ನೊಂದು ಹಾಡಿಗೆ ಎಳ್ಕೊಂಡೋಯ್ತದೆ. ಪಂಕ್ ಕಡೆ ಮಾತ್ರ ಬಹುಪಾಲು ಬಿಳಿ ಹುಡುಗ್ರು. ಅದ್ರ ಮಧ್ಯೆ ಈ ನಾಲ್ಕು ಜನ ಕಪ್ಪು ಹುಡುಗ್ರು ಬಂದು ನಿಂತ್ಕೊಂಡು ಎಲ್ರಿಗಿಂತ ಜೋರಾಗಿ, ಎಲ್ರಿಗಿಂತ ಚೆನ್ನಾಗಿ ಬಾರಿಸಿದ್ರೆ ಹೆಂಗಿರ್ಬೇಡ ಯೋಚ್ನೆ ಮಾಡಿ. 1979ರಲ್ಲಿ ಆಡಮ್ಸ್ ಮಾರ್ಗನ್ ಏರಿಯಾದ ಮೇಡಮ್ಸ್ ಆರ್ಗನ್ ಅನ್ನೋ ಕಲಾವಿದರ ಮನೇಲಿ ಬಾರಿಸ್ತಿದ್ರು. ಅದೇ ವರ್ಷ ವ್ಯಾಲಿ ಗ್ರೀನ್ ಅಂತ ಸರ್ಕಾರಿ ವಸತಿ ಕಾಲೋನಿಲೂ ಬಯಲಲ್ಲಿ ಶೋ ಮಾಡಿದ್ರು. ಆ ಫೋಟೋಗಳು ನೆಟ್ಟಲ್ಲಿ ಸಿಕ್ತವೆ, ಕಾಲೋನಿ ಮಕ್ಕಳು ಮುಂದೆ ನಿಂತು ಪಿಳಿಪಿಳಿ ನೋಡ್ತಾವೆ.

ಕ್ಲಬ್ಬಿನೋರು ಕರೀತಿರ್ಲಿಲ್ಲ. ಜನ ಕುಣಿದು ಕುರ್ಚಿ ಮುರಿದ್ರೆ ಯಾರ್ ಕೊಡ್ತಾರೆ ಅಂತ ಒಬ್ಬೊಬ್ಬರೇ ಬಾಗ್ಲು ಹಾಕಿದ್ರು. ಬ್ಯಾನ್ಡ್ ಇನ್ ಡಿಸಿ ಹಾಡು ಹುಟ್ಟಿದ್ದು ಅಲ್ಲಿಂದ. ಇರೋಬರೋದು ಮಾರಿ ಇಂಗ್ಲೆಂಡಿಗೆ ಹೊಂಟ್ರು, ವರ್ಕ್ ಪರ್ಮಿಟ್ ಇಲ್ಲ ಅಂತ ಏರ್‌ಪೋರ್ಟಿಂದಾನೇ ವಾಪಸ್ ಕಳಿಸಿದ್ರು. ಕೊನೆಗೆ ಎಂಬತ್ತರ ಆರಂಭದಲ್ಲಿ ನ್ಯೂಯಾರ್ಕಿಗೆ ಗಂಟುಮೂಟೆ ಕಟ್ಟಿದ್ರು, ಸಿಬಿಜಿಬಿ ಕ್ಲಬ್ಬಲ್ಲಿ ಹೆಸರು ಮಾಡಿದ್ರು.

ಕೇಳುಗ_99
ಇವ್ರೇ ಮೊದಲ ಕಪ್ಪು ಪಂಕ್ ಬ್ಯಾಂಡಾ?

ಕ್ಯಾಸೆಟ್_ಕಾಕಾ
ಇಲ್ಲಪ್ಪ. ಡೆಟ್ರಾಯ್ಟಲ್ಲಿ ಡೆತ್ ಅಂತ ಮೂರು ಜನ ಅಣ್ಣತಮ್ಮಂದಿರು 1975ರಲ್ಲೇ ರೆಕಾರ್ಡ್ ಮಾಡಿದ್ರು, ಆಲ್ಬಮ್ ಆಗಿ ಹೊರಬಂದಿದ್ದು 2009ರಲ್ಲಿ. ಫಿಲಡೆಲ್ಫಿಯಾದ ಪ್ಯೂರ್ ಹೆಲ್ ಕೂಡ ಇವರಿಗಿಂತ ಮುಂಚೆ. ಆದ್ರೆ ಆ ಸ್ಪೀಡು ತಂದು ಹಿಂದೆ ಒಂದು ಪೀಳಿಗೆ ಹುಡುಗರನ್ನ ಎಳ್ಕೊಂಡವರು ಬ್ಯಾಡ್ ಬ್ರೇನ್ಸ್.

ನನಗೆ ಮಾತಾಡ್ಬೇಕಿರೋದು ಆ ಹಳದಿ ಕ್ಯಾಸೆಟ್ ಬಗ್ಗೆ. ಮೊದಲ ಆಲ್ಬಮ್ 1982ರಲ್ಲಿ ಬಂತು, ಎಲ್ಪಿ ಅಲ್ಲ, ಬರೀ ಕ್ಯಾಸೆಟ್! ರೋರ್ ಅಂತ ನ್ಯೂಯಾರ್ಕಿನ ಕಂಪನಿ, ಅವರು ಕ್ಯಾಸೆಟ್ ಮಾತ್ರ ಮಾಡ್ತಿದ್ರು. ಹಳದಿ ಹಸಿರು ಕೆಂಪು ಬಣ್ಣ, ಡಿಸಿಯ ಕ್ಯಾಪಿಟಲ್ ಕಟ್ಟಡದ (ಅಮೆರಿಕದ ಸಂಸತ್ ಭವನ) ಗುಮ್ಮಟಕ್ಕೆ ಸಿಡಿಲು ಹೊಡೀತಿರೋ ಚಿತ್ರ. ಬ್ಯಾನ್ ಮಾಡಿದ ಊರಿಗೆ ಸಿಡಿಲು ಹೊಡೆಸಿದ್ದಾರೆ, ನಂಗಂತೂ ಅದಕ್ಕಿಂತ ಚೆನ್ನಾಗಿರೋ ಕವರ್ ಗೊತ್ತಿಲ್ಲ. ಕ್ಯಾಸೆಟ್ಟಿಂದ ಆದ ಉಪಯೋಗ ಏನು ಅಂದ್ರೆ ಒಬ್ಬ ತಗೊಂಡ್ರೆ ಹತ್ತು ಜನ ಕಾಪಿ ಮಾಡ್ಕೊಬಹುದು. ನಾವು ಎಸ್‌ಪಿ ರೋಡಿಂದ ಖಾಲಿ ಟೇಪ್ ತಂದು ಡಬಲ್ ಡೆಕ್ಕಲ್ಲಿ ಮಾಡ್ತಿದ್ದೆವಲ್ಲ, ಅದೇ ಕಥೆ. ನಂಗೆ ಸಿಕ್ಕಿದ್ದು ಐದನೇ ಕಾಪಿನೋ ಆರನೇದೋ, ಸಿಂಬಲ್ ಶಬ್ದ ಪೂರ್ತಿ ಸವೆದು ಹೋಗಿ ಉಸ್ ಅಂತ ಗಾಳಿ ಥರ ಕೇಳ್ತಿತ್ತು. ವರ್ಷಗಟ್ಟಲೆ ನಾನು ಅದು ಅವರ ಸ್ಟೈಲು ಅಂದ್ಕೊಂಡಿದ್ದೆ 🤦

ಬೇಸ್_ಭಟ್ಟ
ಮಾರಾಯ್ರೇ ಸೌಂಡಿನ ಬಗ್ಗೆ ಯಾರೂ ಸರಿಯಾಗಿ ಬರೀಲೇ ಇಲ್ವಲ್ಲ. ನಾನು ಹತ್ತು ವರ್ಷದಿಂದ ಬೇಸ್ ಬಾರಿಸ್ತೇನೆ, ಹೇಳ್ತೇನೆ ಕೇಳಿ.

ಹಾರ್ಡ್‌ಕೋರ್ ಡ್ರಮ್ಮಿನ ಮೂಲ ಪಾಠ ಬಾರೀ ಸಿಂಪಲ್. ಕಾಲಲ್ಲಿ ಕಿಕ್ ಅಂದ್ರೆ ದೊಡ್ಡ ಡ್ರಮ್, ಕೈಯಲ್ಲಿ ಸ್ನೇರ್ ಅಂದ್ರೆ ಚಿಕ್ಕ ಡ್ರಮ್, ಒಂದಾದ ಮೇಲೆ ಒಂದು, ಡುಂ ಟಾ ಡುಂ ಟಾ, ಅಷ್ಟೇ. ರಮೋನ್ಸ್ ಇದನ್ನೇ ನಡಿಗೆಯಲ್ಲಿ ಬಾರಿಸಿದ್ರೆ ಇವರು ಓಟದಲ್ಲಿ. ಓಡುವಾಗ ಏನಾಗ್ತದೆ ಅಂದ್ರೆ ಸಾಮಾನ್ಯ ಡ್ರಮ್ಮರ್‌ಗಳ ಸ್ನೇರ್ ಹಿಂದೆ ಬೀಳ್ತದೆ, ಹಾಡು ಎಳೆದ ಹಾಗೆ ಆಗ್ತದೆ. ಅರ್ಲ್ ಅವರದ್ದು ಹಾಗೆ ಆಗುದೇ ಇಲ್ಲ, ಮೈ ಹಗುರ ಇಟ್ಟು ಬಾರಿಸ್ತಾರೆ, ಜಾಝಿನವರು ಬಾರಿಸಿದ ಹಾಗೆ. ಗಿಟಾರ್ ಅಂಗೈ ಒತ್ತಿ ತಂತಿ ಅರ್ಧ ಮುಚ್ಚಿ ಹೊಡೆಯುದು, ಅದಕ್ಕೆ ಗುಂಯ್ ಅಂತ ಹರಡುವ ಬದಲು ಟಕಟಕಟಕ ಅಂತ ತುಂಡು ತುಂಡು ಬರ್ತದೆ. ಮಧ್ಯದಲ್ಲಿ ಡಾಕ್ಟರ್ ನೋ ಸರಿಯಾದ ಸೋಲೋ ಸಹ ಬಾರಿಸ್ತಾರೆ, ಪಂಕಲ್ಲಿ ಸೋಲೋ ಅಂದ್ರೆ ಮಡಿ ಮುರಿದ ಹಾಗೆ ಆ ಕಾಲದಲ್ಲಿ! ಬ್ಯಾನ್ಡ್ ಇನ್ ಡಿಸಿ ಕೇಳಿ ಗೊತ್ತಾಗ್ತದೆ. ಮತ್ತೆ ನಾಲ್ಕೂ ಜನ ಒಟ್ಟಿಗೆ ಕಡಿದು ನಿಲ್ಲಿಸಿ ಒಟ್ಟಿಗೆ ಎತ್ತಿಕೊಳ್ಳುದುಂಟಲ್ಲ, ಯಕ್ಷಗಾನದಲ್ಲಿ ಚೆಂಡೆಯವರೂ ಭಾಗವತರೂ ಕಣ್ಣಲ್ಲೇ ಮಾತಾಡಿ ಮುಗಿಸ್ತಾರಲ್ಲ, ಅಷ್ಟು ಕರೆಕ್ಟ್.

ಇವರು ಬರೀ ಓಡುದಲ್ಲ ಇನ್ನೊಂದು ವಿಷಯ. ರೈಟ್ ಬ್ರಿಗೇಡ್ ಥರದ ಹಾಡಲ್ಲಿ ನಿಧಾನ ಭಾರದ ಭಾಗ ಬರ್ತದೆ, ಜನ ಒಬ್ಬರ ಮೇಲೊಬ್ಬರು ಬೀಳುದೇ ಅಲ್ಲಿ. ಮುಂದೆ ನ್ಯೂಯಾರ್ಕ್ ಹಾರ್ಡ್‌ಕೋರ್ ಪೂರ್ತಿ ಆ ನಿಧಾನದ ಮೇಲೆ ನಿಂತದ್ದು.

ನಮ್ಮ ಕಾಲೇಜಿನ ಬ್ಯಾಂಡಲ್ಲಿ ಪೇ ಟು ಕಮ್ ಬಾರಿಸ್ಲಿಕ್ಕೆ ಹೋದೆವು. 1980ರ ಸಿಂಗಲ್ ಅದು, ಇವರ ಮೊದಲನೇದು, ಒಂದೂವರೆ ನಿಮಿಷದ ಹಾಡು. ಮೂರು ತಿಂಗಳು ಪ್ರಾಕ್ಟೀಸ್. ಮೊದಲು ಅರ್ಧ ಸ್ಪೀಡಲ್ಲಿ ಮೆಟ್ರೊನೋಮ್ (ಲಯ ತೋರಿಸುವ ಯಂತ್ರ) ಇಟ್ಟು, ವಾರಕ್ಕೆ ಐದೈದು ಏರಿಸಿದ್ದು. ಮುಕ್ಕಾಲು ಸ್ಪೀಡಿಗೆ ಬರುವಾಗ ನನ್ನ ಬಲಗೈ ಮೊಣಕೈ ಕೆಳಗೆ ಕಲ್ಲಾಗ್ತಿತ್ತು, ಬೆರಳು ಮಡಚ್ಲಿಕ್ಕೇ ಆಗುದಿಲ್ಲ, ಊಟಕ್ಕೆ ಕೂತರೆ ಸಾರು ಅನ್ನ ಕಲಸ್ಲಿಕ್ಕೆ ಎಡಗೈ ನೋಡ್ಬೇಕಾಯ್ತು. ಆಮೇಲೆ ಗೊತ್ತಾಯ್ತು ನಾನು ಸಿಟ್ಟಲ್ಲಿ ಹೊಡೀತಿದ್ದೆ, ಡ್ಯಾರಿಲ್ ಹೊಡಿಯುದು ಮಣಿಕಟ್ಟು ಸಡಿಲ ಬಿಟ್ಟು. ಕೊನೆಗೆ ಫೆಸ್ಟಲ್ಲಿ ಸ್ಟೇಜ್ ಹತ್ತಿದೆವು, ನಲ್ವತ್ತು ಸೆಕೆಂಡಿಗೆ ಆಯೋಜಕರು ಮೇನ್ ಸ್ವಿಚ್ ತೆಗ್ದ್ರು 😂 ಸ್ಪೀಕರ್ ಹಾಳಾಯ್ತು ಅಂತ ಎಣಿಸಿದ್ದಂತೆ. ಗಿರಾಕಿಯವರೇ, ಬಾರಿಸ್ಲಿಕ್ಕೆ ಬರದವರ ಹಾಡಲ್ಲ ಅದು, ಬರದವರು ನಾವು.

ಗಾಂಧಿಬಜಾರ್_ಗಿರಾಕಿ
ಸಾರು ಅನ್ನದ ಕಥೆ ಇಷ್ಟ ಆಯ್ತು. ಹಾಡು ಕೇಳಿ ಹೇಳ್ತೀನಿ. ಯಾವುದರಿಂದ ಶುರು ಮಾಡ್ಲಿ?

ಮೂರನೇಕಾಲ
ಸೈಲಿನ್ ಆನ್. ಹಳದಿ ಕ್ಯಾಸೆಟ್ಟಿನ ಮೊದಲ ಹಾಡು. ಹಿಂದೆ "ಊ ಊ" ಅಂತ ಹಳೇ ಕಾಲದ ಸಿನಿಮಾ ಕೋರಸ್ ಥರ ಇರುತ್ತೆ, ಅದನ್ನ ಹಿಡ್ಕೊಂಡು ಕೇಳಿ. ಪ್ರೀತಿ ಮುರಿದ ಹಾಡು ಅದು, ಬಿರುಗಾಳಿ ಸ್ಪೀಡಲ್ಲಿ.

ಜೈ_ಭಾರತ_ಜೈ_ರಾಕ್
ಒಂದ್ನಿಮಿಷ. ಮಹಾವಿಷ್ಣು ಆರ್ಕೆಸ್ಟ್ರಾ ಅಂದ್ರಲ್ಲ, ಅದರ ಗಿಟಾರಿಸ್ಟ್ ಜಾನ್ ಮೆಕ್‌ಲಾಫ್ಲಿನ್ ಶ್ರೀ ಚಿನ್ಮಯ್ ಶಿಷ್ಯ, ಆಮೇಲೆ ವೀಣೆ ಕಲಿತು ಶಕ್ತಿ ಬ್ಯಾಂಡ್ ಮಾಡಿ ವಿಕ್ಕು ವಿನಾಯಕರಾಮ್ ಘಟ, ಜಾಕಿರ್ ಹುಸೇನ್ ತಬಲಾ. ಅಂದ್ಮೇಲೆ ಹಾರ್ಡ್‌ಕೋರ್ ಪಂಕ್ ಮೂಲ ನಮ್ಮ ಕರ್ನಾಟಕ ಸಂಗೀತ ಅಂತಾಯ್ತು!!! ಎಲ್ರೂ ಶೇರ್ ಮಾಡಿ

ಮೂರನೇಕಾಲ
ಅಯ್ಯೋ ಬೇಡ ಗುರುವೇ, ನನ್ನ ಪೋಸ್ಟಿಂದ ಇದು ವಾಟ್ಸಾಪಿಗೆ ಹೋದ್ರೆ ನಂಗೆ ಪಾಪ ಸುತ್ಕೊಳ್ಳುತ್ತೆ. ಮೆಕ್‌ಲಾಫ್ಲಿನ್ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ಆದ್ರೆ ಬ್ಯಾಡ್ ಬ್ರೇನ್ಸ್ ಹುಡುಗ್ರು ಮಹಾವಿಷ್ಣು ರೆಕಾರ್ಡಿಂದ ಎತ್ಕೊಂಡಿದ್ದು ಬಿಲ್ಲಿ ಕಾಬಮ್ ಡ್ರಮ್ಸಿನ ಬಿರುಸು, ಗಿಟಾರಿನ ಓಟ, ಇವನ್ನ. ಅದು ಅಮೆರಿಕದ ಜಾಝು ರಾಕು ಫಂಕು ಸೇರಿದ ಸರಕು. ನಾನು ಮೂರನೇ ಕಾಲ ಅಂದಿದ್ದು ನನಗೆ ಅರ್ಥ ಮಾಡ್ಕೊಳ್ಳೋಕೆ ಇರೋ ಅಳತೆಗೋಲು ಅದು, ಅದಕ್ಕೆ. ಅವರ ವಂಶವೃಕ್ಷ ಅಲ್ಲ.

ಕೇಳುಗ_99
ಮೈನರ್ ಥ್ರೆಟ್ ಅನ್ನೋ ಬ್ಯಾಂಡ್ ಡಿಸಿ ಹಾರ್ಡ್‌ಕೋರ್ ಶುರು ಮಾಡಿದ್ದು ಅಂತ ಕೇಳಿದ್ದೆ, ಯಾವುದು ಸರಿ

ಮೇರಿಲ್ಯಾಂಡ್_ಮಂಡ್ಯ
ಮೈನರ್ ಥ್ರೆಟ್ ಶುರು ಆಗಿದ್ದು 1980ರಲ್ಲಿ. ಅದಕ್ಕಿಂತ ಮುಂಚೆ ಆ ಬ್ಯಾಂಡಿನ ಇಯಾನ್ ಮೆಕೈ, ಜೆಫ್ ನೆಲ್ಸನ್ ಟೀನ್ ಐಡಲ್ಸ್ ಅಂತ ಸ್ಕೂಲ್ ಹುಡುಗ್ರ ಬ್ಯಾಂಡಲ್ಲಿದ್ರು. ಇವ್ರೆಲ್ಲ ಬ್ಯಾಡ್ ಬ್ರೇನ್ಸ್ ನೋಡ್ಕಂಡು ಬೆಳೆದೋರು. ಇಯಾನ್ ಸ್ನೇಹಿತ ಹೆನ್ರಿ ರಾಲಿನ್ಸೂ ಅಷ್ಟೇ, ಜಾರ್ಜ್‌ಟೌನಲ್ಲಿ ಐಸ್‌ಕ್ರೀಂ ಅಂಗಡೀಲಿ ಕೆಲಸ ಮಾಡ್ತಿದ್ದ, 1981ರಲ್ಲಿ ಲಾಸ್ ಏಂಜಲೀಸಿಗೆ ಹೋಗಿ ಬ್ಲ್ಯಾಕ್ ಫ್ಲ್ಯಾಗ್ ಬ್ಯಾಂಡ್ ಸೇರ್ಕಂಡ. ಟೀನ್ ಐಡಲ್ಸ್ ಮುಗಿದಾಗ ಕೂಡಿಟ್ಟಿದ್ದ ಆರುನೂರು ಡಾಲರಲ್ಲಿ ತಮ್ಮದೇ ರೆಕಾರ್ಡ್ ಒತ್ತಿಸಿದ್ರು, ಡಿಸ್ಕಾರ್ಡ್ ರೆಕಾರ್ಡ್ಸ್ ಶುರು ಆಗಿದ್ದು ಅಂಗೆ.

ಕೈ ಮೇಲೆ ಎಕ್ಸ್ ಗುರುತು ಬರ್ಕೊಳೋದು ನೋಡಿರ್ತೀರಿ. ಟೀನ್ ಐಡಲ್ಸ್ ಕ್ಯಾಲಿಫೋರ್ನಿಯಾಕ್ಕೆ ಹೋದಾಗ ಅಲ್ಲಿ ಕ್ಲಬ್ಬಲ್ಲಿ ವಯಸ್ಸಿಗೆ ಬರದ ಹುಡುಗ್ರಿಗೆ ಎಣ್ಣೆ ಕೊಡಬಾರ್ದು ಅಂತ ಕೈ ಮೇಲೆ ಎಕ್ಸ್ ಹಾಕ್ತಿದ್ರು. ಇವ್ರು ಅದನ್ನ ಡಿಸಿಗೆ ತಂದು, ನಾವು ಕುಡಿಯಲ್ಲ, ಶೋ ನೋಡೋಕೆ ಬಿಡಿ ಅಂದ್ರು. ಮುಂದೆ ಅದೇ ಸ್ಟ್ರೇಟ್ ಎಡ್ಜ್, ಅಂದ್ರೆ ಕುಡಿತ ಡ್ರಗ್ಸ್ ಬೇಡ ಅನ್ನೋ ಪಂಥ ಆಯ್ತು. ಆದ್ರೆ ಗುರುಗಳು ಇದ್ರಲ್ಲ ಬ್ಯಾಡ್ ಬ್ರೇನ್ಸ್, ಅವ್ರು ಜಮೈಕಾದ ರೆಗ್ಗೆ ಗಾಯಕ ಬಾಬ್ ಮಾರ್ಲಿ ಶೋ ನೋಡಿದ ಮೇಲೆ ರಾಸ್ತಾಫಾರಿ ಅನ್ನೋ ಅಲ್ಲಿನ ಧರ್ಮದ ಕಡೆ ತಿರುಗಿದ್ರು, ಜಟೆ ಬಿಟ್ರು, ಗಾಂಜಾ ಅವ್ರಿಗೆ ಪ್ರಸಾದ. ಶಿಷ್ಯರದ್ದು ಮಡಿ, ಗುರುಗಳದ್ದು ಹೊಗೆ 😀

ಇನ್ನೊಂದು, ಮೈನರ್ ಥ್ರೆಟ್ ಕೊನೇ ಶೋ 1983 ಸೆಪ್ಟೆಂಬರಲ್ಲಿ ಗೋ-ಗೋ ಬ್ಯಾಂಡ್ ಟ್ರಬಲ್ ಫಂಕ್ ಜೊತೆ ಒಂದೇ ಸ್ಟೇಜಲ್ಲಿ ನಡೀತು.

ಕ್ಯಾಸೆಟ್_ಕಾಕಾ
ಮಾರ್ಲಿ ವಿಷ್ಯ ಬಂತಲ್ಲ. ಆ ಕ್ಯಾಸೆಟ್ಟಲ್ಲಿ ಹಾರ್ಡ್‌ಕೋರ್ ಮಧ್ಯೆ ಮೂರು ಹಾಡು ಪೂರ್ತಿ ರೆಗ್ಗೆ, ಜಮೈಕಾದ ನಿಧಾನ ಲಯದ ಸಂಗೀತ. ಮೊದಲ ಸಲ ಕೇಳಿದಾಗ ಟೇಪ್ ಕಾಪಿ ಮಾಡಿದೋನು ಯಾವುದೋ ಬೇರೆ ಬ್ಯಾಂಡ್ ಮೇಲೆ ರೆಕಾರ್ಡ್ ಮಾಡಿ ಕೆಡಿಸಿದ್ದಾನೆ ಅಂದ್ಕೊಂಡು ಅವನಿಗೆ ಬೈದಿದ್ದೆ. ಇಲ್ಲ, ಅವ್ರೇ!

ಎರಡನೇ ಆಲ್ಬಮ್ ರಾಕ್ ಫಾರ್ ಲೈಟ್, 1983, ಮಾಡ್ಸಿದ್ದು ದಿ ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್. ಕೊಳ್ಳೋರಿಗೆ ಎಚ್ಚರಿಕೆ: 1991ರಲ್ಲಿ ಬಂದ ಸಿಡಿ ಮತ್ತೆ ಮಿಕ್ಸ್ ಮಾಡಿ ಸ್ಪೀಡ್ ಏರಿಸಿದ್ದು. ಎಚ್.ಆರ್. ಧ್ವನಿ ಗುಬ್ಬಿ ಥರ ಆಗಿದೆ. ಮೊದಲೇ ಅಷ್ಟು ಸ್ಪೀಡ್ ಇದ್ದೋರನ್ನ ಇನ್ನೂ ಯಾಕೆ ಓಡಿಸಿದ್ರೋ ದೇವರಿಗೇ ಗೊತ್ತು, ಒಗ್ಗರಣೆ ಮೇಲೆ ಒಗ್ಗರಣೆ. ಹಳೇ ಮಿಕ್ಸ್ ಹುಡುಕಿ ಕೇಳಿ.

ಬೇಸ್_ಭಟ್ಟ
1986ರ ಐ ಅಗೇನ್ಸ್ಟ್ ಐ ಬಿಡ್ಬೇಡಿ. ಅಲ್ಲಿ ಸ್ಪೀಡ್ ಇಳಿಸಿ ಫಂಕ್, ಮೆಟಲ್ ಎಲ್ಲ ಸೇರಿಸಿದ್ದಾರೆ, ನನಗೆ ಬೇಸಿಗೆ ಅದೇ ಫೇವರಿಟ್. ಸೇಕ್ರೆಡ್ ಲವ್ ಹಾಡುವಾಗ ಎಚ್.ಆರ್. ಗಾಂಜಾ ಕೇಸಲ್ಲಿ ಜೈಲಲ್ಲಿ, ಫೋನಲ್ಲೇ ಹಾಡಿ ರೆಕಾರ್ಡ್ ಮಾಡಿದ್ದು. ಆ ಧ್ವನಿ ಡಬ್ಬದೊಳಗಿಂದ ಬಂದ ಹಾಗೆ ಕೇಳ್ತದಲ್ಲ, ಎಫೆಕ್ಟ್ ಅಲ್ಲ, ಜೈಲಿನ ಫೋನು!

ಶಿವಮೊಗ್ಗ_ಸ್ವಾತಿ
ಎಲ್ರೂ ಹೊಗಳ್ತಿದೀರ, ಸರಿ, ನಂಗೂ ಈ ಬ್ಯಾಂಡ್ ಇಷ್ಟನೇ. ಆದ್ರೆ 1982ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಆಗಿದ್ದನ್ನ ಯಾರೂ ಹೇಳ್ತಿಲ್ಲ. ಬಿಗ್ ಬಾಯ್ಸ್ ಅಂತ ಅಲ್ಲಿನ ಬ್ಯಾಂಡು, ಅವರ ಗಾಯಕ ಸಲಿಂಗಿ. ಅವರು ಇವರನ್ನ ಕರೆದು ಆದರಿಸಿದ್ರೆ, ಇವರು ಧರ್ಮದ ಹೆಸರಲ್ಲಿ ಅವನಿಗೆ ಕೆಟ್ಟದಾಗಿ ಬೈದು ಚೀಟಿ ಬರೆದಿಟ್ಟು ಹೋದ್ರು. ಎಂಡಿಸಿ ಬ್ಯಾಂಡಿನವರೂ ಅದಕ್ಕೆ ತಿರುಗಿಬಿದ್ದಿದ್ರು. ಪಾಸಿಟಿವ್ ಮೆಂಟಲ್ ಆಟಿಟ್ಯೂಡ್ ಅಂತ ಹಾಡಿದವರೇ ಅಲ್ವಾ? ಆಗ ಅವರಿಗೆ ಇನ್ನೂ ಹುಡುಗಾಟದ ವಯಸ್ಸು, ಹೊಸದಾಗಿ ಧರ್ಮ ಹಿಡಿದ ಬಿಸಿ, ಎಲ್ಲಾ ಒಪ್ಪೋಣ. ಆದ್ರೆ ಉಂಡ ಮನೆ ಅದು.

ಮೂರನೇಕಾಲ
ಹೇಳಿದ್ದು ಒಳ್ಳೇದಾಯ್ತು ಸ್ವಾತಿ ಅವ್ರೇ. ನಾನು ಓದಿದ್ದೆ, ಬೇಕಂತಲೇ ಬಿಟ್ಟೆ, ಅದು ನನ್ನ ತಪ್ಪು. ಕೈ ಚೆನ್ನಾಗಿದ್ದವರ ಮಾತೂ ಚೆನ್ನಾಗಿರುತ್ತೆ ಅಂತೇನಿಲ್ಲ, ನಮ್ಮ ಕಚೇರಿ ವಲಯದಲ್ಲಿ ಇದ್ದು ಬಂದವನಿಗೆ ಇದನ್ನ ಯಾರೂ ಹೇಳ್ಕೊಡ್ಬೇಕಿಲ್ಲ.

ಹುಬ್ಳಿ_ಹೈಗೇನ್
ಇವರಿಂದ ಯಾರ್ಯಾರು ಕಲಿತ್ರು ಅನ್ನೋದೂ ಇರಲಿ. ಬೀಸ್ಟಿ ಬಾಯ್ಸ್ ಶುರುವಿನ್ಯಾಗ ರ‍್ಯಾಪ್ ಅಲ್ಲ, ನ್ಯೂಯಾರ್ಕಿನ ಹಾರ್ಡ್‌ಕೋರ್ ಹುಡುಗ್ರು. ಅವರ ಆಡಮ್ ಯಾಕ್ ಮುಂದ 2007ರಾಗ ಇವರ ಬಿಲ್ಡ್ ಎ ನೇಷನ್ ಆಲ್ಬಮ್ ತಾನ ನಿಂತು ಮಾಡಿಸಿದ. ಡೇವ್ ಗ್ರೋಲ್ ಡಿಸಿ ಪಕ್ಕದ ವರ್ಜೀನಿಯಾದಾಗ ಬೆಳೆದಾಂವ, ನಿರ್ವಾಣಕ್ಕಿಂತ ಮೊದಲ ಸ್ಕ್ರೀಮ್ ಅಂತ ಡಿಸಿ ಹಾರ್ಡ್‌ಕೋರ್ ಬ್ಯಾಂಡಿನ್ಯಾಗ ಡ್ರಮ್ಸ್ ಬಾರಿಸ್ತಿದ್ದ. ಅಂವಾ ಬ್ಯಾಡ್ ಬ್ರೇನ್ಸ್ ಬಗ್ಗೆ ಮಾತಾಡೂದು ಕೇಳ್ರಿ ಒಮ್ಮೆ, ದೇವರ ಬಗ್ಗೆ ಮಾತಾಡ್ದಂಗ ಮಾತಾಡ್ತಾನ.

ಗಾಂಧಿಬಜಾರ್_ಗಿರಾಕಿ
ಕೇಳ್ದೆ ಸಾರ್. ಸೈಲಿನ್ ಆನ್ ನಾಲ್ಕು ಸಲ. ಮೊದಲ ಎರಡು ಸಲ ಏನೂ ಸಿಗ್ಲಿಲ್ಲ, ಹೆಂಡತಿ ಬಂದು ಏನ್ರೀ ಪ್ರೆಶರ್ ಕುಕ್ಕರ್ ಹಿಂಗೆ ಹೊಡ್ಕೊಳ್ತಿದೆ ಅಂದ್ಲು. ಮೂರನೇ ಸಲ ಹೆಡ್‌ಫೋನ್ ಹಾಕಿ ಆ ಊ ಊ ಹಿಡ್ಕೊಂಡೆ. ನಾಲ್ಕನೇ ಸಲ ಬೇಸ್ ಹಿಂದೆ ಹೋದೆ, ಭಟ್ರು ಹೇಳಿದ್ದು ಹೌದು, ಒಂದೊಂದು ಪೆಟ್ಟೂ ಎಣಿಸಬಹುದು. ಬಾರಿಸೋಕೆ ಬರಲ್ಲ ಅಂದಿದ್ದು ವಾಪಸ್ ತಗೊಂಡೆ.

ಕಿರುಚೋದು ಇನ್ನೂ ಇಷ್ಟ ಆಗ್ಲಿಲ್ಲ. ಆ ಲೀವಿಂಗ್ ಬ್ಯಾಬಿಲಾನ್ ರೆಗ್ಗೆ ಮಾತ್ರ ಬೆಳಿಗ್ಗೆ ವಾಕಿಂಗಲ್ಲಿ ಮೂರು ರೌಂಡ್ ಕೇಳಿದೆ.

ಕ್ಯಾಸೆಟ್_ಕಾಕಾ
ಲೀವಿಂಗ್ ಬ್ಯಾಬಿಲಾನ್ ಮುಗಿದ ತಕ್ಷಣ ಆಫ್ ಮಾಡ್ಬೇಡಿ ಸಾರ್. ಮುಂದಿನ ಹಾಡಿಗೆ ವಾಲ್ಯೂಮ್ ಮಾತ್ರ ಇಳಿಸ್ಕೊಳ್ಳಿ, ವಾಕಿಂಗಲ್ಲಿ ಬಿದ್ದೀರಿ.